ಎಲ್ಲ ಹೇಳಿ ಊರು ಹೇಳದ ಕೈಪಿಡಿ

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳು ಅತ್ಯಂತ ಗಿಡ್ಡವಾಗುವ ಹೊತ್ತನ್ನು ಗುರುತಿಸಿ. ಆಗ ನಿಮ್ಮ ಗಡಿಯಾರ 12 ಗಂಟೆ ತೋರಿಸುವುದಿಲ್ಲ. ವರ್ಷದ ಸರಾಸರಿಯಲ್ಲಿ ಅದು ಸುಮಾರು ಹನ್ನೆರಡೂವರೆ. ಭಾರತೀಯ ಶಿಷ್ಟ ಕಾಲ 82.5° ಪೂರ್ವ ರೇಖಾಂಶದ್ದು; ಬೆಂಗೇರಿ ಇರುವುದು ಸುಮಾರು 75.1°ಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ವ್ಯತ್ಯಾಸ ಅರ್ಧ ಗಂಟೆಯಷ್ಟಾಗುತ್ತದೆ.

ಇದನ್ನೇ ಗಣಕದಲ್ಲಿ ತಾಳೆ ನೋಡಲು ವಿದ್ಯಾರ್ಥಿಯೊಬ್ಬ ಲಿನಕ್ಸ್‌ನ 'ಝಡ್‌ಡಂಪ್' ಎಂಬ ಆದೇಶವನ್ನು ಬಳಸುತ್ತಾನೆ ಎನ್ನಿ. 'ವಿ' ಆಯ್ಕೆಯೊಡನೆ 'ಏಷ್ಯಾ/ಕೋಲ್ಕತಾ' ಎಂದು ಬೆರಳಚ್ಚಿಸಿದರೆ ಸಾಲುಗಳು ಮೂಡುತ್ತವೆ. 1854ರ ಸಾಲಿನಲ್ಲಿ 'ಎಲ್‌ಎಂಟಿ', ಅಂದರೆ ಸ್ಥಳೀಯ ಸರಾಸರಿ ಕಾಲ, ಗ್ರೀನಿಚ್‌ಗಿಂತ 21208 ಸೆಕೆಂಡು ಮುಂದೆ ಎಂದಿದೆ. ಇದನ್ನು ತನ್ನ ಊರಿನ ಸ್ಥಳೀಯ ಕಾಲವೆಂದು ತಿಳಿದರೆ ಅವನ ಲೆಕ್ಕ 53 ನಿಮಿಷ ತಪ್ಪುತ್ತದೆ. 21208 ಸೆಕೆಂಡು ಎಂದರೆ 5 ಗಂಟೆ 53 ನಿಮಿಷ 28 ಸೆಕೆಂಡು. ಅದಕ್ಕೆ ಸರಿಹೊಂದುವ ರೇಖಾಂಶ 88° 22′. ಅದು ಕೋಲ್ಕತಾ. ಬೆಂಗೇರಿಯದು ಸುಮಾರು 5 ಗಂಟೆ ಮಾತ್ರ.

ತಪ್ಪು ವಿದ್ಯಾರ್ಥಿಯದೆ? ಕೈಪಿಡಿಯನ್ನು ಓದಿ ನೋಡಿ. ಅದು ಅಪ್ರಾಮಾಣಿಕವಲ್ಲ. ಪ್ರತಿ ಬದಲಾವಣೆಗೂ ಒಂದು ಸೆಕೆಂಡು ಮೊದಲಿನ ಮತ್ತು ಸರಿಯಾಗಿ ಆ ಕ್ಷಣದ ಎರಡು ಸಾಲುಗಳಿರುತ್ತವೆ ಎನ್ನುತ್ತದೆ. ಹನ್ನೆರಡು ಗಂಟೆಗೊಮ್ಮೆ ಕಾಲವನ್ನು ಪರೀಕ್ಷಿಸಿ ಬದಲಾವಣೆಯನ್ನು ಹುಡುಕುವ ತನ್ನ ಮಿತಿಯನ್ನೂ ಒಪ್ಪಿಕೊಳ್ಳುತ್ತದೆ. ಹೊನೊಲುಲುವಿನ ಉದಾಹರಣೆಯನ್ನು ಬಿಡಿಸಿ ವಿವರಿಸುತ್ತದೆ. ಆದರೆ ಹಳೆಯ ಸಾಲುಗಳು ಯಾವ ಊರಿಗೆ ಸಲ್ಲುತ್ತವೆ ಎಂಬ ಮಾತು ಮಾತ್ರ ಅದರಲ್ಲಿಲ್ಲ. 1970ರಿಂದೀಚೆಗೆ ಗಡಿಯಾರಗಳು ಒಂದೇ ಆಗಿರುವ ಪ್ರದೇಶವನ್ನು ಒಂದು ವಲಯವೆಂದು ಹಿಡಿಯಲಾಗಿದೆ ಎಂಬ ನಿಯಮ ದತ್ತಸಂಚಯದ ಬೇರೊಂದು ಕಡತದಲ್ಲಿ ಅಡಗಿದೆ.

ಪರಿಣಾಮವನ್ನು ನೋಡಿ. 1870ರಿಂದ 1905ರ ಕೊನೆಯವರೆಗೆ ಪಟ್ಟಿ ತೋರಿಸುವುದು ಮದ್ರಾಸ್ ಕಾಲವನ್ನು: 5 ಗಂಟೆ 21 ನಿಮಿಷ 10 ಸೆಕೆಂಡು. ವಲಯದ ಹೆಸರು ಕೋಲ್ಕತಾ! ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮುಂಬಯಿಗೆ ತನ್ನದೇ ಕಾಲವಿತ್ತು, ಸುಮಾರು 4 ಗಂಟೆ 51 ನಿಮಿಷ. ಅದಕ್ಕೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಹಳೆಯ ಗ್ರಹಣದ ದಾಖಲೆಯನ್ನೋ ಮಳೆಯ ದಾಖಲೆಯನ್ನೋ ಈ ಪಟ್ಟಿಯಿಂದ ಪರಿವರ್ತಿಸುವವರು ಎಚ್ಚರದಿಂದಿರಬೇಕು. 1941 ಮತ್ತು 1945ರ ನಡುವಿನ ಯುದ್ಧಕಾಲದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟದ್ದು ಮಾತ್ರ ಪಟ್ಟಿಯಲ್ಲಿ ಸರಿಯಾಗಿ ಕಾಣುತ್ತದೆ.

ಕೈಪಿಡಿಗೆ ಬೇಕಾದದ್ದು ಒಂದೇ ವಾಕ್ಯ: "1970ಕ್ಕಿಂತ ಹಿಂದಿನ ಸಾಲುಗಳನ್ನು ವಲಯದ ಎಲ್ಲ ಊರುಗಳಿಗೂ ಅನ್ವಯಿಸಬೇಡಿ." ಉಪಕರಣದ ಸೂಚನಾಪತ್ರದಲ್ಲಿ ಅಳತೆಯ ವ್ಯಾಪ್ತಿಯನ್ನು ಬರೆಯಬೇಕೆಂದು ನಾವು ಪ್ರಯೋಗಶಾಲೆಯಲ್ಲಿ ಒತ್ತಾಯಿಸುತ್ತೇವೆ. ತಂತ್ರಾಂಶಕ್ಕೆ ವಿನಾಯಿತಿ ಏಕೆ? ಆ ವಾಕ್ಯ ಸೇರುವವರೆಗೆ ಪಟ್ಟಿಯ ಪಕ್ಕದಲ್ಲಿ ಆ ಕೋಲೂ ಇರಲಿ. ನಿಮ್ಮ ಊರಿನ ಮಧ್ಯಾಹ್ನವನ್ನು ಅದು ತಪ್ಪದೆ ಹೇಳುತ್ತದೆ.