ಮಾಲ್ಗುಡಿಯ ಗುಮಾಸ್ತ: ಪುನರುಜ್ಜೀವಿತ ಧಾರಾವಾಹಿಯೊಂದರ ವಿಮರ್ಶೆ

೧

ದೂರದರ್ಶನದ ಧಾರಾವಾಹಿಯೊಂದು ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ವಿಮರ್ಶೆಗೆ ತಕ್ಕ ವಸ್ತುವೇ ಎಂದು ವಾಚಕರು ಕೇಳಬಹುದು. ಶಾಸನ, ಬಖೈರು, ಕಡತಗಳು ಹೇಗೆ ಆಕರಗಳೋ, ಒಂದು ಜನಸಮುದಾಯವು ತನ್ನ ಬಿಡುವಿನ ವೇಳೆಯಲ್ಲಿ ಯಾವುದನ್ನು ಮತ್ತೆ ಮತ್ತೆ ನೋಡಬಯಸುತ್ತದೆಂಬುದೂ ಹಾಗೆಯೇ ಒಂದು ಆಕರವೆಂದು ನಾವು ಭಾವಿಸುತ್ತೇವೆ. ಈ ದೃಷ್ಟಿಯಿಂದ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು, ಅದರಲ್ಲಿಯೂ ಕಛೇರಿಯ ಬಾಳನ್ನು ಕುರಿತ ಅದರ ಕಥೆಗಳನ್ನು, ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

ಈ ಕೃತಿಗೆ ಮೂರು ಪದರಗಳಿವೆ. ಆರ್. ಕೆ. ನಾರಾಯಣರ ಇದೇ ಹೆಸರಿನ ಕಥಾಸಂಗ್ರಹವು ೧೯೪೩ರಲ್ಲಿ ಪ್ರಕಟವಾಯಿತು. ಶಂಕರ್ ನಾಗ್ ಅವರು ನಿರ್ದೇಶಿಸಿದ ಧಾರಾವಾಹಿಯು ೧೯೮೬-೮೭ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಯಿತು. ಅದರ ಕಂತುಗಳು ೩೯. ಶಂಕರ್ ನಾಗ್ ೧೯೯೦ರಲ್ಲಿಯೂ, ನಾರಾಯಣರು ೨೦೦೧ರಲ್ಲಿಯೂ ತೀರಿಕೊಂಡರು. ಅನಂತರ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಧಾರಾವಾಹಿಯು ಪುನರುಜ್ಜೀವನ ಪಡೆದು, ೨೦೦೬ರಲ್ಲಿ ಇನ್ನೂ ೧೫ ಕಂತುಗಳು ತೆರೆಗೆ ಬಂದವು. ಇಂದು ಅಂತರ್ಜಾಲದಲ್ಲಿ ಬೇಕಾದ ಕಂತನ್ನು ಬೇಕೆಂದಾಗ ನೋಡುವ ಅನುಕೂಲವಿರುವುದರಿಂದ ಪುನರುಜ್ಜೀವನವೆಂಬುದು ಈಗ ಪ್ರತಿ ಮನೆಯಲ್ಲಿ, ಪ್ರತಿ ರಾತ್ರಿಯೂ ನಡೆಯಬಹುದಾದ ಸಂಗತಿಯಾಗಿದೆ.

ಹೀಗೆ ಮತ್ತೆ ನೋಡುವವರು ಸಾಮಾನ್ಯವಾಗಿ ಹೇಳುವ ಮಾತೊಂದುಂಟು: ಆ ಕಾಲ ಸರಳವಾಗಿತ್ತು, ಆ ಜನ ನೆಮ್ಮದಿಯಾಗಿದ್ದರು, ದುಡಿದು ದಣಿದು ಬಂದವರಿಗೆ ಮಾಲ್ಗುಡಿಯೊಂದು ವಿಶ್ರಾಂತಿಧಾಮ. ಈ ಮಾತು ನಮಗೆ ಒಪ್ಪಿಗೆಯಾಗಿಲ್ಲ. ಒಪ್ಪದಿರಲು ಕಾರಣಗಳನ್ನು ಮುಂದೆ ನಿವೇದಿಸುತ್ತೇವೆ.

೨

ಮೊದಲು 'ತಿಂಗಳಿಗೆ ನಲವತ್ತೈದು ರೂಪಾಯಿ' ಎಂಬ ಕಥೆಯನ್ನು ನೋಡಬಹುದು. ವೆಂಕಟರಾಯನು ನಲವತ್ತು ರೂಪಾಯಿ ಸಂಬಳದ ಗುಮಾಸ್ತ. ಮಗಳು ಶಾಂತೆಯನ್ನು ಆ ಸಂಜೆ ಸಿನಿಮಾಕ್ಕೆ ಕರೆದುಕೊಂಡು ಹೋಗುವುದಾಗಿ ಮಾತು ಕೊಟ್ಟಿದ್ದಾನೆ. ಮಗು ಶಾಲೆಯಿಂದ ಬೇಗ ಬಂದು, ಸಿಂಗರಿಸಿಕೊಂಡು ಕಾಯುತ್ತದೆ. ಕಛೇರಿಯಲ್ಲಿ ಮ್ಯಾನೇಜರರು ಬಿಡುವುದಿಲ್ಲ. ರೋಸಿಹೋದ ವೆಂಕಟರಾಯನು ರಾಜೀನಾಮೆ ಬರೆದು ಅವರ ಮುಂದಿಡುತ್ತಾನೆ. ಅದನ್ನು ಓದುವ ಮುನ್ನವೇ ಮ್ಯಾನೇಜರರು, ಐದು ರೂಪಾಯಿ ಬಡ್ತಿ ಮಂಜೂರಾಗಿರುವ ಸುದ್ದಿಯನ್ನು ಹೇಳುತ್ತಾರೆ. ಇವನು ಕಾಗದವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ರಾತ್ರಿ ಮನೆಗೆ ಬರುವಾಗ ಮಗು ಹಾಕಿಕೊಂಡ ಬಟ್ಟೆಯಲ್ಲಿಯೇ ಮಲಗಿ ನಿದ್ರಿಸುತ್ತಿದೆ.

ಈ ಕಥೆಯಲ್ಲಿ ದುಷ್ಟನೊಬ್ಬನೂ ಇಲ್ಲವೆಂಬುದನ್ನು ಗಮನಿಸಬೇಕು. ಮ್ಯಾನೇಜರರು ಬಡ್ತಿಗೆ ಶಿಫಾರಸು ಮಾಡಿದವರೇ. ಐದು ರೂಪಾಯಿಯು ಆ ಸಂಸಾರಕ್ಕೆ ನಿಜವಾದ ಉಪಕಾರವೇ. ಆದುದರಿಂದಲೇ ಬಲೆಯು ಅಷ್ಟು ಗಟ್ಟಿ. ಮೇಲಧಿಕಾರಿಯ ಕ್ರೌರ್ಯವನ್ನು ಎದುರಿಸಲು ಸಿದ್ಧನಾಗಿ ಬಂದವನು ಅವನ ಒಳ್ಳೆಯತನದೆದುರಿಗೆ ಸೋಲುತ್ತಾನೆ. ಧಾರಾವಾಹಿಯಲ್ಲಿ ಈ ಪಾತ್ರವನ್ನು ವಿಷ್ಣುವರ್ಧನ್ ಅವರಿಗೆ ವಹಿಸಿದುದು ಔಚಿತ್ಯಪೂರ್ಣವಾದ ಆಯ್ಕೆಯೆಂದು ನಮ್ಮ ಮತ. 'ಸಾಹಸಸಿಂಹ'ನೆಂದು ನಾಡು ಕರೆದ ನಟನನ್ನು ಮೇಜಿನ ಮುಂದೆ ಕೈಕಟ್ಟಿ ನಿಲ್ಲಿಸಿದಾಗ, ಚಿತ್ರಮಂದಿರಗಳಲ್ಲಿ ಅವರ ಪರಾಕ್ರಮವನ್ನು ಕಂಡಿದ್ದ ಕನ್ನಡ ಪ್ರೇಕ್ಷಕನಿಗೆ ಕಛೇರಿಯ ಬಲವೇನೆಂಬುದು ವಿವರಣೆಯಿಲ್ಲದೆಯೇ ತಿಳಿಯುತ್ತದೆ.

ಇದು ಒಂಟಿ ಕಥೆಯಲ್ಲ. ನಾರಾಯಣರ ಇನ್ನೊಂದು ಕಥೆಯ ದ್ವಾರಪಾಲಕ ಗೋವಿಂದಸಿಂಗನು ಇಪ್ಪತ್ತೈದು ವರ್ಷ ಸೇವೆ ಸಲ್ಲಿಸಿ ನಿವೃತ್ತನಾದವನು. ಹಳೆಯ ಕಛೇರಿಯಿಂದ ಬಂದ ರಿಜಿಸ್ಟರ್ಡ್ ಲಕೋಟೆಯನ್ನು ತೆರೆಯಲು ಅಂಜಿ ಅವನು ಬುದ್ಧಿಭ್ರಮಣೆಯ ಅಂಚಿಗೆ ಹೋಗುತ್ತಾನೆ. ಲಕೋಟೆಯೊಳಗೆ ಇದ್ದುದು ನೂರು ರೂಪಾಯಿಯ ಬಹುಮಾನ! ಶಿಕ್ಷೆಯಿಲ್ಲದೆಯೂ ಉಳಿಯುವ ಭಯ, ನೌಕರಿ ಮುಗಿದ ಮೇಲೂ ಮುಗಿಯದ ನೌಕರತನ, ಇವನ್ನು ಇಷ್ಟು ಕಿರಿದರಲ್ಲಿ ಹೇಳಿದ ಕಥೆಗಳು ವಿರಳ. ಇದಕ್ಕೆ ಪ್ರತಿಯಾಗಿ ಅಂಚೆಯವ ತಾಣಪ್ಪನಿದ್ದಾನೆ. ಮದುವೆ ನಿಂತುಹೋದೀತೆಂದು ಮರಣವಾರ್ತೆಯ ತಂತಿಯನ್ನು ತಡೆಹಿಡಿದು, ಬಳಿಕ ತಾನಾಗಿಯೇ ಬಂದು ತಪ್ಪೊಪ್ಪಿಕೊಂಡು, ದೂರು ಕೊಡುವುದಾದರೆ ಕೊಡಬಹುದೆಂದು ತಲೆಯೊಡ್ಡುತ್ತಾನೆ. ಗುಮಾಸ್ತನು ಮನೆಗಾಗಿ ಕಛೇರಿಯನ್ನು ಮೀರಲಾರದೆ ಹೋದರೆ, ಅಂಚೆಯವನು ಪರರ ಮನೆಗಾಗಿ ಕಛೇರಿಯ ನಿಯಮವನ್ನು ಮೀರುತ್ತಾನೆ. ಆದರೆ ಮೀರಿದುದರ ಭಾರವನ್ನು ಇಳಿಸಿಕೊಳ್ಳಲಾರನು. ಇಂತಹ ಊರನ್ನು ನೆಮ್ಮದಿಯ ಬೀಡೆಂದು ಕರೆಯುವುದು ಹೇಗೆ?

ನಾರಾಯಣರು ಸ್ವತಃ ಕೆಲಕಾಲ ಶಾಲೆಯ ಉಪಾಧ್ಯಾಯರಾಗಿದ್ದರು. ವ್ಯಾಯಾಮ ಶಿಕ್ಷಕರ ಕೆಲಸವನ್ನೂ ಮಾಡಬೇಕೆಂದು ಮುಖ್ಯೋಪಾಧ್ಯಾಯರು ಹೇಳಿದಾಗ ಅವರು ಪ್ರತಿಭಟಿಸಿ ಹೊರಟುಬಂದರು. ಮೈಸೂರಿನ ಅವಿಭಕ್ತ ಕುಟುಂಬದ ಆಸರೆ ಅವರಿಗಿತ್ತು. ತಾವು ಬಿಡಬಹುದಾಗಿದ್ದ ನೌಕರಿಯನ್ನು ಬಿಡಲಾರದವನ ಕಥೆಯನ್ನು ಅವರು ಬರೆದರು. ಎಲ್ಲಿಯೂ ಅವನನ್ನು ಹೇಡಿಯೆಂದು ಹಳಿಯಲಿಲ್ಲ.

೩

ಹಾಗಾದರೆ ಪ್ರೇಕ್ಷಕರು ಈ ಸಂಕಟವನ್ನು ಕಾಣದೆ ಹೋದುದೇಕೆ? ನಮಗೆ ಎರಡು ಕಾರಣಗಳು ತೋರುತ್ತವೆ.

ಮೊದಲನೆಯದು ಸ್ಥಳ. ನಾರಾಯಣರ ಮಾಲ್ಗುಡಿಯು ಸರಯೂ ನದಿ, ಮಾರ್ಕೆಟ್ ರಸ್ತೆ, ಅಂಗಡಿ ಕಛೇರಿಗಳುಳ್ಳ ಧೂಳಿನ ಪಟ್ಟಣ. ಚಿತ್ರೀಕರಣವು ಬಹುಮಟ್ಟಿಗೆ ನಡೆದುದು ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ. ಮಲೆನಾಡಿನ ಮಳೆ, ದೊಡ್ಡಮನೆಯ ಜಗಲಿ ಕಂಬಗಳು, ಆರ್. ಕೆ. ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ ಅವರ ಸಂಗೀತ, ಇವೆಲ್ಲವೂ ಸೊಗಸಾಗಿವೆ. ಆದರೆ ಈ ಸೊಗಸು ಪಟ್ಟಣದ ಬೇಗೆಯನ್ನು ತಣ್ಣಗೆ ಮಾಡಿದೆ. ಗುಮಾಸ್ತನ ಊರು ನಮಗೆ ರಜೆಯಲ್ಲಿ ಹೋಗಬೇಕಾದ ಊರಾಗಿ ಕಂಡಿತು.

ಎರಡನೆಯದು ಕಾಲ. ೧೯೮೬ರಲ್ಲಿ ದೂರದರ್ಶನವೊಂದೇ ಇತ್ತು. ಒಂದೇ ಕಂತನ್ನು ಒಂದೇ ಗಳಿಗೆಯಲ್ಲಿ ಇಡೀ ಬೀದಿ ನೋಡುತ್ತಿತ್ತು. ೨೦೦೬ರ ವೇಳೆಗೆ ಖಾಸಗಿ ವಾಹಿನಿಗಳು ತುಂಬಿದ್ದವು. ಹೊಸ ಕಂತುಗಳು ಕಥೆಗಳನ್ನು ಮುಂದುವರಿಸಬಹುದಾಗಿತ್ತೇ ಹೊರತು, ಆ ಕೂಡಿ ನೋಡುವಿಕೆಯನ್ನು ಮರಳಿ ತರುವಂತಿರಲಿಲ್ಲ. ಅವು ಮೊದಲಿನವುಗಳಷ್ಟು ಜನಮನದಲ್ಲಿ ನಿಲ್ಲದಿದ್ದರೆ ಅದನ್ನು ನಿರ್ದೇಶಕಿಯ ದೋಷವೆಂದು ಎಣಿಸುವುದು ನ್ಯಾಯವಲ್ಲ. ಜನರು ಬಯಸಿದುದು ಹೊಸ ಕಥೆಗಳನ್ನಲ್ಲ, ತಮ್ಮ ಹಳೆಯ ಸಂಜೆಗಳನ್ನು. ಧಾರಾವಾಹಿಯ ಚಿತ್ರೀಕರಣ ನಡೆದ ಅರಸಾಳು ರೈಲು ನಿಲ್ದಾಣದಲ್ಲಿ ೨೦೨೦ರಲ್ಲಿ ವಸ್ತುಸಂಗ್ರಹಾಲಯವೊಂದು ರೂಪುಗೊಂಡುದೂ ಇದೇ ಬಯಕೆಯ ಫಲ. ಅದು ಶ್ಲಾಘ್ಯವೇ. ಆದರೆ ಸ್ಮಾರಕವು ನಿಲ್ದಾಣವನ್ನು ಉಳಿಸಬಲ್ಲುದು. ಗುಮಾಸ್ತನು ಕಳೆದುಕೊಂಡ ಸಂಜೆಯನ್ನು ನೆನಪಿನಲ್ಲಿಡುವ ಹೊಣೆ ಪ್ರೇಕ್ಷಕನದು.

೪

ಇಲ್ಲಿ ನಮ್ಮ ಅನುಭವವೊಂದನ್ನು ಹೇಳಲು ವಾಚಕರ ಕ್ಷಮೆ ಕೋರುತ್ತೇವೆ. ಹಿಂದೊಮ್ಮೆ ನಾವು ಇದ್ದ ಸಂಸ್ಥೆಯೊಂದರಲ್ಲಿ ಅಂಕಪಟ್ಟಿಗಳನ್ನು ಮೊದಲು ಕಾಗದದಲ್ಲಿಯೂ ಅನಂತರ ಗಣಕಯಂತ್ರದಲ್ಲಿಯೂ ತುಂಬಬೇಕಾಗಿತ್ತು. ಎರಡೂ ತಾಳೆಯಾಗದಿದ್ದರೆ ಮೊದಲಿನಿಂದ ತುಂಬಬೇಕಾಗಿತ್ತು. ಇದರೊಡನೆ ಇನ್ನೊಂದು ಸಮಿತಿಯ ಹೆಚ್ಚುವರಿ ಹೊಣೆಯೂ ಬಂದಿತು. ತಾಯಿಯವರನ್ನು ಊರಿನ ತೇರಿಗೆ ಕರೆದೊಯ್ಯುತ್ತೇವೆಂದು ಮಾತು ಕೊಟ್ಟಿದ್ದೆವು. ಹೊಣೆಯನ್ನು ಒಲ್ಲೆವೆಂದು ಕಾಗದ ಬರೆದುಕೊಂಡು ಹೋದ ದಿನವೇ, ತಡೆದಿದ್ದ ವೇತನ ಬಡ್ತಿಯ ಆದೇಶವು ಕೈಗೆ ಬಂದಿತು. ಕಾಗದವು ಜೇಬಿನಲ್ಲಿಯೇ ಉಳಿಯಿತು. ತೇರು ನಮ್ಮನ್ನು ಕಾಯಲಿಲ್ಲ. ತಾಯಿಯವರು, "ಇರಲಿ ಬಿಡಪ್ಪ, ಕೆಲಸ ದೊಡ್ಡದು" ಎಂದಷ್ಟೇ ಹೇಳಿದರು.

ಆ ರಾತ್ರಿ ದಣಿವಾರಿಸಿಕೊಳ್ಳಲೆಂದು ಹಾಕಿಕೊಂಡು ನೋಡಿದುದು ಈ ಕಂತನ್ನೇ. ಬಾಲ್ಯದಲ್ಲಿ ನೋಡಿದ್ದಾಗ ನಾವು ಮಗುವಿನ ಪಕ್ಷದಲ್ಲಿದ್ದೆವು. ಈಗ ಮ್ಯಾನೇಜರರ ಕೊಠಡಿಯಲ್ಲಿ ನಿಂತಿದ್ದೆವು. ಧಾರಾವಾಹಿಯು ಬದಲಾಗಿರಲಿಲ್ಲ, ನಾವು ಅದರೊಳಗೆ ಬೇರೊಂದು ಸ್ಥಳಕ್ಕೆ ವರ್ಗವಾಗಿದ್ದೆವು.

ಆದುದರಿಂದ ನಮ್ಮ ತೀರ್ಮಾನವಿಷ್ಟು. ಹಳೆಯ ಧಾರಾವಾಹಿಯನ್ನು ಮತ್ತೆ ನೋಡುವುದು ಕೆಲಸದ ಬೇಸರವನ್ನು ಮರೆಯುವ ಉಪಾಯವೆಂಬುದು ಅರ್ಧಸತ್ಯ. ಒಳ್ಳೆಯ ಕೃತಿಯು ಆ ಬೇಸರಕ್ಕೆ ಒಂದು ಚರಿತ್ರೆಯನ್ನು ಒದಗಿಸುತ್ತದೆ. ಇದು ನಿನ್ನೊಬ್ಬನ ಸೋಲಲ್ಲ, ನಲವತ್ತು ರೂಪಾಯಿಯ ಕಾಲದಿಂದಲೂ ನಡೆದುಬಂದ ವ್ಯವಹಾರವೆಂದು ತಿಳಿಸುತ್ತದೆ. ಗತಕಾಲವನ್ನು ಸುಖದ ಕಾಲವೆಂದು ಹೊಗಳುವುದರಿಂದ ಅಂದಿನವರಿಗೆ ಅನ್ಯಾಯವಾಗುತ್ತದೆ. ಇಂದಿನವರಿಗೂ ಅದರಿಂದ ಸಮಾಧಾನವಿಲ್ಲ. ಪುನರುಜ್ಜೀವನವು ಸಾರ್ಥಕವಾಗಬೇಕಾದರೆ ಜಗಲಿ, ಮಳೆ, ರಾಗಗಳೊಡನೆ ಮಲಗಿಬಿಟ್ಟ ಶಾಂತೆಯೂ ಮರಳಿ ಬರಬೇಕು. ಮುಂದಿನ ವರ್ಷದ ತೇರಿಗೆ ರಜೆಯ ಅರ್ಜಿಯನ್ನು ನಾವು ಈಗಲೇ ಬರೆದಿಟ್ಟಿದ್ದೇವೆ.