ಕುಡಿ ನೋಡು ತಮ್ಮಾ

ಹೋದ ಏಪ್ರಿಲ್‌ನಲ್ಲಿ ನಮ್ಮ ತಾರಸಿಯ ಹನ್ನೆರಡು ಮೆಣಸಿನ ಗಿಡಗಳಲ್ಲಿ ಒಂಬತ್ತು, ಒಂದೇ ವಾರದಲ್ಲಿ ಹೂ ಉದುರಿಸಿದವು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೇಲೆ ಹೋದರೆ ಕುಂಡಗಳ ಸುತ್ತ ಅಕ್ಷತೆ ಚೆಲ್ಲಿದ ಹಾಗೆ ಬಿಳಿ ಹೂಗಳು. ಬಾಯಾರಿರಬೇಕು ಎಂದು ನೀರು ಹೆಚ್ಚಿಸಿದೆ. ನಿಲ್ಲಲಿಲ್ಲ. ಹೊಟ್ಟೆಗೆ ಸಾಲದೇನೋ ಎಂದು ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹೊಯ್ದೆ. ಅದಕ್ಕೂ ಜಗ್ಗದಿದ್ದಾಗ ಮಟಮಟ ಮಧ್ಯಾಹ್ನ ಬೇವಿನೆಣ್ಣೆ ಸಿಂಪಡಿಸಿದೆ. ಹೂವಿನ ಜತೆಗೆ ಎಲೆಯೂ ಸುಟ್ಟುಹೋಯಿತು.

ಅಷ್ಟರಲ್ಲಿ ಹಾವೇರಿ ಕಡೆಯಿಂದ ದೊಡ್ಡವ್ವ ಬಂದಳು. ಹೊಲದಲ್ಲಿ ಬ್ಯಾಡಗಿ ಮೆಣಸಿನಕಾಯಿ ಬಿಡಿಸಿ ಬಿಡಿಸಿಯೇ ಬೆರಳು ಕೆಂಪಾದವಳು. ನಾನು ಮುದುಡಿದ ಎಲೆ ತೋರಿಸಹೋದರೆ ಕೈ ಸರಿಸಿ, ‘ಎಲಿ ಏನ್ ನೋಡ್ತಿ ತಮ್ಮಾ, ಅದು ಹ್ವಾದ ವಾರದ ಸುದ್ದಿ. ಕುಡಿ ನೋಡು’ ಎಂದಳು.

ಮನೆಯಲ್ಲಿ ಮೆಣಸಿನಕಾಯಿ ಬೆಳೆಯಲು ಹೊರಟ ನಮ್ಮೆಲ್ಲರ ತಪ್ಪು ಈ ಒಂದು ಮಾತಿನಲ್ಲಿದೆ. ಗಿಡ ಇವತ್ತು ತೋರಿಸುವುದು ಎಂದೋ ಆಗಿಹೋದ ತಪ್ಪನ್ನು. ನಾವು ಇವತ್ತೇ ಔಷಧಿ ಹುಡುಕುತ್ತೇವೆ, ಅದು ಹೊಸ ತಪ್ಪಾಗಿ ಮುಂದಿನ ವಾರ ಎದುರಿಗೆ ನಿಲ್ಲುತ್ತದೆ.

ಹೂವನ್ನೇ ನೋಡಿ. ಹಗಲಿನ ಬಿಸಿಲು 35 ಡಿಗ್ರಿ ಮುಟ್ಟಿ, ರಾತ್ರಿಯೂ ಸೆಕೆ ಇಳಿಯದಿದ್ದರೆ ಪರಾಗ ಕೆಲಸಕ್ಕೆ ಬಾರದಾಗುತ್ತದೆ. ಕಾಯಿ ಕಚ್ಚದ ಹೂ ಕೆಲವು ದಿನ ನಿಂತು ಕಳಚಿಕೊಳ್ಳುತ್ತದೆ. ತಾರಸಿಯ ಕಾಂಕ್ರೀಟು ಹಗಲು ಕುಡಿದ ಬಿಸಿಯನ್ನು ರಾತ್ರಿಯಿಡೀ ಕುಂಡಕ್ಕೆ ಊದುತ್ತಿರುತ್ತದೆ. ಅದಕ್ಕೆ ಹಿಂಡಿ ನೀರು ಏನು ಮಾಡೀತು? ಸಾರಜನಕ ಮಿಕ್ಕಿದರೆ ಗಿಡ ಎಲೆಗೆ ಹೊರಳಿ ಹೂ ಬಿಡುವುದನ್ನೇ ಮರೆಯುತ್ತದೆ. ಕುಂಡದ ಕೆಳಗೆ ಎರಡು ಇಟ್ಟಿಗೆ, ಮೇಲೆ ಮಧ್ಯಾಹ್ನಕ್ಕಷ್ಟು ಶೇಡ್ ನೆಟ್. ಇಷ್ಟು ಮಾಡಿ ಸುಮ್ಮನಿರಬೇಕಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅವೇ ಗಿಡಗಳು, ನನ್ನ ಉಪಚಾರವನ್ನು ತಡೆದುಕೊಂಡು ಉಳಿದವು, ಗೊಂಚಲುಗೊಂಚಲು ಕಾಯಿ ಕಚ್ಚಿದವು.

ಇನ್ನು ಮುಟುರು. ಎಲ್ಲರ ಮನೆಯ ಗೋಳು ಇದು. ಎಲೆ ಮುದುಡಿದ ಕೂಡಲೇ ‘ನುಸಿ ಬಿತ್ತು’ ಎನ್ನುತ್ತೇವೆ. ಯಾವ ನುಸಿ? ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಸಿ. ದೋಣಿ ಮಗುಚಿದಂತೆ ಕೆಳಕ್ಕೆ ಬಾಗಿ, ಎಲೆಯ ತೊಟ್ಟು ಉದ್ದವಾಗಿ ಎಳೆದುಕೊಂಡಿದ್ದರೆ ಮೈಟ್ ನುಸಿ. ಮೊದಲನೆಯದು ಕೀಟ, ಎರಡನೆಯದು ಎಂಟು ಕಾಲಿನ, ಜೇಡದ ದಾಯಾದಿ. ಎರಡನ್ನೂ ನುಸಿ ಎಂದೇ ಕರೆದು ಒಂದೇ ಬಾಟಲಿ ತೆರೆಯುವುದರಿಂದ ಅರ್ಧ ಜನಕ್ಕೆ ಗುಣ ಕಾಣುವುದಿಲ್ಲ. ಕುಡಿಯನ್ನು ಬಿಳಿ ಹಾಳೆಯ ಮೇಲೆ ಮೆಲ್ಲಗೆ ತಟ್ಟಿ. ಸೂಜಿಮೊನೆಯಷ್ಟು ಉದ್ದನೆಯವು ಸರಸರ ಓಡಿದರೆ ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಸಿಕ್ಕುವುದು ಕಷ್ಟ, ಭೂತಗನ್ನಡಿ ಬೇಕು. ಥ್ರಿಪ್ಸ್‌ಗೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ನೀರು, ಅದೂ ಸಂಜೆಯ ಹೊತ್ತು. ಮೈಟ್‌ಗೆ ನೀರಿನಲ್ಲಿ ಬೆರೆಯುವ ಗಂಧಕದ ಪುಡಿ, ಲೀಟರಿಗೆ 3 ಗ್ರಾಂ. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ತಾಗಿಸಬೇಡಿ, ಉರಿಬಿಸಿಲಲ್ಲಂತೂ ಬೇಡವೇ ಬೇಡ. 2021ರ ಕೊನೆಯಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಮಲಗಿಸಿದ ಕಪ್ಪು ಥ್ರಿಪ್ಸ್ ಹೂವಿನೊಳಗೇ ಅಡಗುತ್ತದೆ. ಹೂ ಬಿಡಿಸಿ ನೋಡದೆ ಅದು ಕಾಣದು.

ಬಿಳಿ ನೊಣ ತಂದ ವೈರಸ್ ಆಗಿದ್ದರೆ? ಗಿಡ ಗಿಡ್ಡಾಗಿ, ಎಲೆ ಸಣ್ಣಗಾಗಿ, ಗೆಣ್ಣು ಗೆಣ್ಣು ಒತ್ತೊತ್ತಾಗುತ್ತದೆ. ಅದಕ್ಕೆ ಮದ್ದಿಲ್ಲ. ಕಿತ್ತು ಹಾಕುವುದೇ ಉಳಿದ ಹನ್ನೊಂದಕ್ಕೆ ಉಪಕಾರ.

ಒಮ್ಮೆ ಮುದುಡಿದ ಎಲೆ ಮತ್ತೆ ನೆಟ್ಟಗಾಗುವುದಿಲ್ಲ ಎಂಬುದು ನನಗೆ ಹೊಳೆಯಲು ವರ್ಷಗಳು ಬೇಕಾದವು. ಮದ್ದು ಹಿಡಿದರೂ ಹಳೆಯ ಎಲೆ ಹಾಗೇ ಇರುತ್ತದೆ. ನಾವು ಹಿಡಿಯಲಿಲ್ಲವೆಂದು ಮತ್ತೆ ಮತ್ತೆ ಹೊಡೆಯುತ್ತೇವೆ. ಹೊಸ ಕುಡಿಯ ಎರಡೆಲೆ ಚಪ್ಪಟೆಯಾಗಿ ಬಿಚ್ಚಿದರೆ ಗಿಡ ಗೆದ್ದಿತು, ಬಾಟಲಿ ಮುಚ್ಚಿಡಿ.

ಕೆಲವು ತಪ್ಪುಗಳಿಗೆ ತಿಂಗಳುಗಳೇ ಹಿಂದೆ ಹೋಗಬೇಕು. ಅಡುಗೆಮನೆಯ ಡಬ್ಬಿಯಿಂದ ಒಣಮೆಣಸಿನಕಾಯಿ ಮುರಿದು ಬೀಜ ಊರಿದವರು ‘ಬ್ಯಾಡಗಿ ಬರಲೇ ಇಲ್ಲ’ ಎನ್ನುತ್ತಾರೆ. ಡಬ್ಬಿಯಲ್ಲಿ ಇದ್ದದ್ದು ಬ್ಯಾಡಗಿಯೇ? ಅದರಂತೆಯೇ ಸುಕ್ಕುಗಟ್ಟುವ ಹೈಬ್ರಿಡ್‌ಗಳೂ ಪೇಟೆಗೆ ಬರುತ್ತವೆ. ಹೈಬ್ರಿಡ್‌ನ ಬೀಜ ತಾಯಿಯಂತೆ ಹುಟ್ಟುವುದಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿಯಲ್ಲೂ ಕಡ್ಡಿ, ಡಬ್ಬಿ ಎಂದು ಎರಡು ಬಗೆ: ಕಡ್ಡಿ ತೆಳ್ಳಗೆ ಉದ್ದ, ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಬೀಜ ಬೇಕಿದ್ದರೆ ಬೆಳೆದವರಿಂದ ತನ್ನಿ. ಸಾಮಾನ್ಯ ಮೆಣಸಿನಕಾಯಿ ಎಂಟು ಹತ್ತು ದಿನದಲ್ಲಿ ಮೊಳೆತರೆ, ಮಲೆನಾಡಿನ ಸೂಜಿಮೆಣಸು ಮೂರು ವಾರವನ್ನೂ ತೆಗೆದುಕೊಂಡೀತು. ಹತ್ತನೇ ದಿನಕ್ಕೆ ಮಣ್ಣು ಕೆದಕಿ ನೋಡಿ ಅದನ್ನು ಕೊಂದವನು ನಾನೇ.

ಒಂದು ಅಪವಾದವನ್ನೂ ತೊಳೆದುಬಿಡೋಣ. ದಪ್ಪ ಮೆಣಸಿನಕಾಯಿಯ ಪಕ್ಕ ಖಾರದ ಗಿಡವಿಟ್ಟರೆ ಅದೂ ಖಾರವಾಗುತ್ತದೆ ಎನ್ನುವುದು. ಆಗುವುದಿಲ್ಲ; ಕಾಯಿಯ ರುಚಿ ತಾಯಿಗಿಡದ್ದು. ದುಂಬಿ ಮಾಡಿದ ಬೆರಕೆ ಬೀಜದೊಳಗೆ ಕೂತಿರುತ್ತದೆ, ಆ ಬೀಜ ಬಿತ್ತಿದವನಿಗೆ ಮುಂದಿನ ವರ್ಷ ಬಾಯುರಿ.

ಈಗ ನಮ್ಮ ತಾರಸಿಯ ಬಾಗಿಲಿಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದೇನೆ. ಹಾಕಿದ ಗೊಬ್ಬರ, ಬಿದ್ದ ಬಿಸಿಲು, ಹೊಡೆದ ಎಣ್ಣೆ ಎಲ್ಲವನ್ನೂ ಆಯಾ ದಿನದ ಚೌಕದಲ್ಲಿ ಗೀಚುತ್ತೇನೆ. ಗಿಡ ಮುಖ ಸಪ್ಪೆ ಮಾಡಿದರೆ ಮೊದಲು ಕಣ್ಣು ಹಾಯುವುದು ಎರಡು ವಾರ ಹಿಂದಿನ ಚೌಕಕ್ಕೆ. ದೊಡ್ಡವ್ವ ಫೋನು ಮಾಡಿದಾಗಲೆಲ್ಲ ಕಾಯಿ ಎಷ್ಟಾದವು ಎಂದು ಕೇಳುವುದಿಲ್ಲ. ‘ಕುಡಿ ಹೆಂಗ ಅದಾವ?’ ಎನ್ನುತ್ತಾಳೆ. ಅದಕ್ಕೆ ಉತ್ತರ ಹೇಳಲು ನಾನು ಮೆಟ್ಟಿಲು ಹತ್ತಿ ನೋಡಿಕೊಂಡೇ ಬರಬೇಕು.