ಅರ್ಥಶಾಸ್ತ್ರದಲ್ಲಿ ಈದ ಕುದುರೆಯ ಆಹಾರ: ಒಂದು ಪದದ ವಿಚಾರ

ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮೈಸೂರಿನಿಂದ ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳ ಉಪಕಾರವನ್ನು ಎಷ್ಟು ನೆನೆದರೂ ಸಾಲದು. ಆದರೆ 1915ರ ಅವರ ಇಂಗ್ಲಿಷ್ ಅನುವಾದದ ಅಶ್ವಾಧ್ಯಕ್ಷ ಪ್ರಕರಣದಲ್ಲಿ ಒಂದು ಎಡೆ ಪುನರ್ವಿಮರ್ಶೆಗೆ ಅರ್ಹವಾಗಿದೆ. ಈದ ಕುದುರೆಗೆ 3 ದಿನ ಪ್ರಸ್ಥ ತುಪ್ಪ, ಅನಂತರ 10 ರಾತ್ರಿ ಪ್ರಸ್ಥ ಹಿಟ್ಟು ಹಾಗೂ ಔಷಧಯುಕ್ತ ತೈಲ, ಬಳಿಕ ‘ಪುಲಾಕ’, ಹಸಿಹುಲ್ಲು, ಋತುವಿಗೊಪ್ಪುವ ಆಹಾರ ಎಂದು ವಿಧಿ. ಪುಲಾಕವೆಂದರೆ ಬೇಯಿಸಿದ ಧಾನ್ಯವೆಂದಷ್ಟೇ ಅವರು ಅರ್ಥಮಾಡಿದ್ದಾರೆ.

ಹಾಗಿದ್ದರೆ ವಿಧಿಯು ದುರ್ಬಲವೆಂದೇ ಹೇಳಬೇಕಾಗುವುದು. ತುಪ್ಪದಲ್ಲಿ ಸಸಾರಜನಕವಿಲ್ಲ. 500 ಕಿಲೋಗ್ರಾಂ ತೂಕದ ಕುದುರೆಗೆ ಹಾಲೂಡುವ ಮೊದಲ ತಿಂಗಳಲ್ಲಿ ದಿನಕ್ಕೆ ಸುಮಾರು 1,500 ಗ್ರಾಂ ಸಸಾರಜನಕ ಬೇಕು; ಇದು ಸಾಧಾರಣ ಕಾಲದ ಅಗತ್ಯದ ಎರಡರಷ್ಟಕ್ಕೂ ಮಿಗಿಲು. ಮರಿಯ ಬೆಳವಣಿಗೆಗೆ ಬೇಕಾದ ಲೈಸಿನ್ ಜವೆಗೋದಿಯಲ್ಲಿ ಕಡಮೆ. ಆದರೆ ಇದೇ ಪ್ರಕರಣದಲ್ಲಿ, ಉತ್ತಮಾಶ್ವದ ಆಹಾರವನ್ನು ಹೇಳುವೆಡೆ, ಪುಲಾಕವು ಹೆಸರು ಉದ್ದುಗಳೊಡನೆಯೇ ಬಂದಿದೆ. ಇವು ಲೈಸಿನ್ ಹೇರಳವಾಗಿರುವ ಕಾಳುಗಳು. ಇಲ್ಲಿಯೂ ಅದೇ ಅರ್ಥವನ್ನು ಹಿಡಿಯುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಮರಿಗೆ 10 ದಿನ ತುಂಬಿದ ಮೇಲೆ 6 ತಿಂಗಳವರೆಗೆ ಹಿಟ್ಟು ತುಪ್ಪಗಳೊಡನೆ ಪ್ರಸ್ಥ ಹಾಲನ್ನೂ ವಿಧಿಸಿದ ಗ್ರಂಥಕಾರನು ತಾಯಿಯನ್ನು ಮರೆತನೆಂಬುದು ನಂಬತಕ್ಕ ಮಾತಲ್ಲ. ಆದರೆ ತಾಯಿಯ ಪುಲಾಕಕ್ಕೆ ಆತನು ಅಳತೆಯನ್ನು ಹೇಳಿಲ್ಲ. ಆದುದರಿಂದ ಅಂದಿನ ಲಾಯಗಳಲ್ಲಿ ಅದಕ್ಕೆ ದೊರೆತುದೆಷ್ಟೆಂದು ಇದರಿಂದ ಲೆಕ್ಕಹಾಕುವುದು ಸಲ್ಲದು.